ಫೋನಿನ ಹಾಡಿಗಾಗಿ ಹಳೆಯ ಕಾರಿನ ರೇಡಿಯೊ ಕೀಳಬೇಕಿಲ್ಲ

ಮಾನ್ಯ ಸಂಪಾದಕರೆ,

ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ ವಾಹನ ಪುಟಗಳಲ್ಲಿ ಬರುವ ಲೇಖನಗಳು ಎಂಜಿನ್, ಬ್ರೇಕ್, ಟೈರು, ಬಣ್ಣಗಳ ವಿಚಾರದಲ್ಲಿ ತೋರುವ ಎಚ್ಚರವನ್ನು ಆ ಕಾರುಗಳ ಸಂಗೀತ ವ್ಯವಸ್ಥೆಯ ವಿಚಾರದಲ್ಲಿ ತೋರುವುದಿಲ್ಲ. ‘ಹಳೆಯ ಸ್ಟೀರಿಯೊ ತೆಗೆಸಿ ಟಚ್‌ಸ್ಕ್ರೀನ್ ಹಾಕಿಸಿಕೊಳ್ಳಿ’ ಎಂಬ ಒಂದೇ ಸಾಲಿನಲ್ಲಿ ಆ ಮಾತು ಮುಗಿದುಹೋಗುತ್ತದೆ. ಇದನ್ನು ಓದಿದವರು ಮೂಲ ರೇಡಿಯೊವನ್ನು ಕೀಳಿಸಿ, ಹೊಸ ಪರದೆ ಕೂರುವಂತೆ ಡ್ಯಾಶ್‌ಬೋರ್ಡನ್ನು ಕೊಯ್ಯಿಸಿ, ಕಾರ್ಖಾನೆಯ ಕನೆಕ್ಟರುಗಳನ್ನು ಕತ್ತರಿಸಿ ವೈರುಗಳನ್ನು ಟೇಪಿನಿಂದ ಸುತ್ತಿಸುತ್ತಾರೆ. ಫೋನಿನಲ್ಲಿರುವ ಹಾಡನ್ನು ಹಳೆಯ ಕಾರಿನ ಸ್ಪೀಕರುಗಳಲ್ಲಿ ಕೇಳಲು ಇದರಲ್ಲಿ ಒಂದೂ ಬೇಕಾಗಿಲ್ಲ. ಕಾರಿನ ಯಾವ ಭಾಗವನ್ನೂ ಕೊಯ್ಯದೆ, ಮುಂದೆ ಬೇಡವೆನಿಸಿದರೆ ಅರ್ಧ ಗಂಟೆಯಲ್ಲಿ ಬಿಚ್ಚಿ ಮೊದಲಿನಂತೆ ಮಾಡಬಹುದಾದ ದಾರಿಗಳು ಬಹುತೇಕ ಎಲ್ಲ ಕಾರುಗಳಿಗೂ ಇವೆ. ಅವುಗಳನ್ನು ತಮ್ಮ ಓದುಗರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಮೊದಲನೆಯದಾಗಿ, ಸ್ಪೋರ್ಟ್ಸ್ ಕಾರಿನಲ್ಲಿ ಈ ವಿಚಾರಕ್ಕೆ ಏಕೆ ಹೆಚ್ಚು ಎಚ್ಚರ ಬೇಕು ಎಂಬುದನ್ನು ಹೇಳಬೇಕು. ಇಬ್ಬರೇ ಕೂರುವ ಇಕ್ಕಟ್ಟಾದ ಒಳಾಂಗಣವನ್ನು ಚಾಲಕನ ಕೈಯಳತೆಗೆ ತಕ್ಕಂತೆ ರೂಪಿಸಿರುತ್ತಾರೆ. ಅಲ್ಲಿ ರೇಡಿಯೊದ ಜಾಗವೂ ಆ ವಿನ್ಯಾಸದ ಭಾಗವೇ. 1999ರಿಂದ 2009ರವರೆಗೆ ತಯಾರಾದ ಹೋಂಡಾ ಎಸ್2000 ಕಾರಿನಲ್ಲಿ ರೇಡಿಯೊವನ್ನು ಒಂದು ಮುಚ್ಚಳದ ಹಿಂದೆ ಅಡಗಿಸಿ, ಅದನ್ನು ನಿಯಂತ್ರಿಸುವ ಗುಂಡಿಗಳನ್ನು ಸ್ಟೀರಿಂಗಿನ ಪಕ್ಕದಲ್ಲಿ ಇರಿಸಿದ್ದರು. ಮುಚ್ಚಳ ಹಾಕಿದ ಮೇಲೂ ಚಾಲಕ ರಸ್ತೆಯಿಂದ ಕಣ್ಣು ತೆಗೆಯದೆ ದನಿ ಹೆಚ್ಚು ಕಡಿಮೆ ಮಾಡಬಹುದು. ಅಲ್ಲಿಗೆ ಹೊಳೆಯುವ ದೊಡ್ಡ ಪರದೆಯನ್ನು ತುರುಕಿದರೆ ಮುಚ್ಚಳವೂ ಹೋಗುತ್ತದೆ, ಗುಂಡಿಗಳೂ ಕೆಲಸ ನಿಲ್ಲಿಸಬಹುದು. ಇಷ್ಟು ವಿಚಾರ ಮಾಡಿ ರೂಪಿಸಿದ್ದನ್ನು ಹಾಳುಗೆಡವುವುದು ನನಗಂತೂ ಸರಿಯೆನಿಸುವುದಿಲ್ಲ.

ಸ್ಪೀಕರುಗಳ ಕಡೆಯಿಂದಲೂ ತೊಡಕಿದೆ. 1984ರ ಕಾರ್ವೆಟ್ ಕಾಲದಿಂದಲೂ ಹಲವು ಸ್ಪೋರ್ಟ್ಸ್ ಕಾರುಗಳಿಗೆ ಬೋಸ್ ಸಂಸ್ಥೆಯ ವ್ಯವಸ್ಥೆಯನ್ನು ಕಾರ್ಖಾನೆಯಲ್ಲೇ ಅಳವಡಿಸಲಾಗಿದೆ. ಅಂಥ ವ್ಯವಸ್ಥೆಗಳಲ್ಲಿ ಸಂಕೇತವನ್ನು ಸ್ಪೀಕರಿಗೆ ಬೇಕಾದಷ್ಟು ಹಿಗ್ಗಿಸುವ ಆಂಪ್ಲಿಫೈಯರ್ ರೇಡಿಯೊದೊಳಗೆ ಇರದೆ ಬೇರೆ ಕಡೆ, ಕೆಲವೊಮ್ಮೆ ಒಂದೊಂದು ಸ್ಪೀಕರಿನ ಪೆಟ್ಟಿಗೆಯಲ್ಲೇ ಇರುತ್ತದೆ. ಸ್ಪೀಕರುಗಳ ಪ್ರತಿರೋಧವೂ ಮಾಮೂಲಿ 4 ಓಮ್‌ಗಿಂತ ಕಡಿಮೆ ಇರುತ್ತದೆ. ಇದನ್ನು ಅರಿಯದ ಮೆಕ್ಯಾನಿಕ್ ಹೊಸ ಸ್ಟೀರಿಯೊವನ್ನು ನೇರವಾಗಿ ಜೋಡಿಸಿದರೆ ದನಿ ಒಡೆಯುತ್ತದೆ, ಇಲ್ಲವೇ ಆಂಪ್ಲಿಫೈಯರ್ ಸುಡುತ್ತದೆ. ಮೂಲ ರೇಡಿಯೊ ಇದ್ದಲ್ಲೇ ಇದ್ದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಇನ್ನು ದಾರಿಗಳ ವಿಚಾರ. ಕಾರಿನಲ್ಲಿ ಕ್ಯಾಸೆಟ್ ಪ್ಲೇಯರ್ ಇದ್ದರೆ ಅದನ್ನು ಕೊರತೆಯೆಂದು ಭಾವಿಸಬೇಕಿಲ್ಲ, ಅದೊಂದು ಅನುಕೂಲವೇ ಸರಿ. ಫಿಲಿಪ್ಸ್ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ಟಿನ ಆಕಾರದಲ್ಲೇ ಇದ್ದು, ತಂತಿಯಿಂದ ಫೋನಿಗೆ ಜೋಡಿಯಾಗುವ ಅಡಾಪ್ಟರ್ ಸಿಗುತ್ತದೆ. ಅದರೊಳಗೆ ಟೇಪು ಇರುವುದಿಲ್ಲ; ಒಂದು ಪುಟ್ಟ ಕಾಂತೀಯ ಹೆಡ್ ಇರುತ್ತದೆ. ಫೋನಿನಿಂದ ಬಂದ ವಿದ್ಯುತ್ ಸಂಕೇತವನ್ನು ಅದು ಕಾಂತಕ್ಷೇತ್ರವಾಗಿಸಿ ಪ್ಲೇಯರಿನ ಹೆಡ್‌ಗೆ ನೇರವಾಗಿ ದಾಟಿಸುತ್ತದೆ. ಟೇಪು ಓಡುವ ವೇಗಕ್ಕೂ ಹಾಡಿಗೂ ಇಲ್ಲಿ ಸಂಬಂಧವೇ ಇಲ್ಲದಿರುವುದರಿಂದ, ಹಳೆಯ ಕ್ಯಾಸೆಟ್ಟುಗಳನ್ನು ಎಳೆದಾಡಿಸಿ ಹಾಡಿಸುವಷ್ಟು ಸವೆದ ಪ್ಲೇಯರಿನಲ್ಲೂ ಫೋನಿನ ಹಾಡು ಶ್ರುತಿ ತಪ್ಪದೆ ಬರುತ್ತದೆ. ಇದರ ಸೊಗಸನ್ನು ತಿಳಿದವರು ಕಡಿಮೆ. ಆದರೆ ಎರಡು ವಿಷಯ ಗಮನದಲ್ಲಿರಬೇಕು. ಪ್ಲೇಯರಿನಲ್ಲಿ ಟೇಪಿನ ಹಿಸ್ಸೆನ್ನುವ ಸದ್ದನ್ನು ತಗ್ಗಿಸುವ ಡಾಲ್ಬಿ ಗುಂಡಿ ಇದ್ದರೆ ಅದನ್ನು ಆರಿಸಿಡಬೇಕು, ಏಕೆಂದರೆ ಡಾಲ್ಬಿ ಕ್ರಮದಲ್ಲಿ ಮುದ್ರಿಸದ ಸಂಗೀತದ ಮೇಲೆ ಅದು ಕೆಲಸ ಮಾಡಿದಾಗ ತಾರಸ್ವರಗಳು ಮಂಕಾಗುತ್ತವೆ. ‘ಅಡಾಪ್ಟರಿನಲ್ಲಿ ದನಿ ಮಬ್ಬು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಗುಂಡಿಯೇ. ಇನ್ನೊಂದು, ತಾನಾಗಿ ಮಗ್ಗುಲು ಬದಲಿಸುವ ಪ್ಲೇಯರುಗಳು ಕೆಲವು ಅಡಾಪ್ಟರುಗಳನ್ನು ಒಪ್ಪದೆ ಅತ್ತಿಂದಿತ್ತ ತಿರುಗಿಸುತ್ತಲೇ ಇರುತ್ತವೆ. ಅಂಥ ಪ್ಲೇಯರುಗಳಿಗೆ ಒಪ್ಪುವ ಅಡಾಪ್ಟರನ್ನು ಕೇಳಿ, ಹಾಕಿ ನೋಡಿ ಕೊಳ್ಳಬೇಕು.

ಫೋನಿನ ಹಾಡನ್ನು ಕಾರಿನ ರೇಡಿಯೊ ಹಿಡಿಯುವಂತೆ ಪುಟ್ಟ ನಿಲಯದ ಹಾಗೆ ಪ್ರಸಾರ ಮಾಡುವ ಎಫ್‌ಎಂ ಟ್ರಾನ್ಸ್‌ಮಿಟರನ್ನು ನಾನು ಕೊನೆಯ ಆಯ್ಕೆಯಾಗಿ ಮಾತ್ರ ಸೂಚಿಸುತ್ತೇನೆ. ಎಫ್‌ಎಂ ಪ್ರಸಾರದಲ್ಲಿ 15 ಕಿಲೋಹರ್ಟ್ಸ್‌ನಿಂದ ಮೇಲಿನ ಧ್ವನಿ ಉಳಿಯುವುದಿಲ್ಲ. ಯುರೋಪಿನಲ್ಲಿ ಇಂಥ ಸಾಧನಗಳ ಪ್ರಸಾರ ಶಕ್ತಿಗೆ ಇರುವ ಮಿತಿ ಕೇವಲ 50 ನ್ಯಾನೋವ್ಯಾಟ್. ಹತ್ತಿರದ ಬಾನುಲಿ ನಿಲಯ ಅದೇ ತರಂಗಾಂತರದಲ್ಲಿದ್ದರೆ ಹಾಡು ಮುಳುಗಿಹೋಗುತ್ತದೆ. ಜಪಾನಿನ ದೇಶೀ ಮಾರುಕಟ್ಟೆಗೆಂದು ತಯಾರಾಗಿ ಬೇರೆ ದೇಶಗಳಿಗೆ ಹೋದ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಇನ್ನೊಂದು ತೊಂದರೆಯಿದೆ. ಆ ಕಾರುಗಳ ರೇಡಿಯೊ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ. ಜಗತ್ತಿನ ಉಳಿದ ಬಹುಭಾಗದ ಎಫ್‌ಎಂ ಪಟ್ಟಿ 87.5ರಿಂದ 108ರವರೆಗೆ ಇದೆ. ಎರಡೂ ಸೇರುವ ಚಿಕ್ಕ ಜಾಗದಲ್ಲಿ ಖಾಲಿ ತರಂಗಾಂತರ ಸಿಕ್ಕರೆ ಮಾತ್ರ ಹಾಡು ಕೇಳಿಸೀತು. ಗಾಳಿಯಲ್ಲಿ ಪ್ರಸಾರ ಮಾಡದೆ ಆಂಟೆನಾ ತಂತಿ ಮತ್ತು ರೇಡಿಯೊಗಳ ನಡುವೆ ಜೋಡಿಸುವ ಎಫ್‌ಎಂ ಮಾಡ್ಯುಲೇಟರ್ ಇದಕ್ಕಿಂತ ಎಷ್ಟೋ ಮೇಲು, ಆದರೆ 15 ಕಿಲೋಹರ್ಟ್ಸ್ ಮಿತಿ ಅದಕ್ಕೂ ತಪ್ಪಿದ್ದಲ್ಲ.

ಅತ್ಯುತ್ತಮ ದಾರಿ ಎಷ್ಟೋ ಕಾರುಗಳಲ್ಲಿ ಕಣ್ಣಿಗೆ ಬೀಳದ ಜಾಗದಲ್ಲಿದೆ. 1990ರ ದಶಕದ ಹಲವು ರೇಡಿಯೊಗಳ ಬೆನ್ನಿಗೆ, ಹಲವು ಸಿ.ಡಿ.ಗಳನ್ನು ತುಂಬಿ ಡಿಕ್ಕಿಯಲ್ಲಿ ಇರಿಸುವ ಸಿ.ಡಿ. ಚೇಂಜರಿಗಾಗಿ ಒಂದು ಕನೆಕ್ಟರ್ ಕೊಟ್ಟಿರುತ್ತಾರೆ. ತಾನೇ ಚೇಂಜರ್ ಎಂದು ರೇಡಿಯೊಗೆ ಹೇಳಿಕೊಳ್ಳುವ ಚಿಕ್ಕ ಪೆಟ್ಟಿಗೆಯೊಂದನ್ನು ಅಲ್ಲಿ ಸಿಕ್ಕಿಸಿದರೆ, ಫೋನಿನ ಹಾಡು ತಂತಿಯ ಮೂಲಕವೋ ಬ್ಲೂಟೂತ್ ಮೂಲಕವೋ ಆ ಪೆಟ್ಟಿಗೆಗೆ ಬಂದು, ಕಾರ್ಖಾನೆಯವರು ಸಿ.ಡಿ.ಗೆಂದು ಮಾಡಿದ ಸ್ವಚ್ಛವಾದ ಹಾದಿಯಲ್ಲೇ ಸ್ಪೀಕರನ್ನು ತಲುಪುತ್ತದೆ. ಹಲವು ಮಾದರಿಗಳಲ್ಲಿ ರೇಡಿಯೊದ ಗುಂಡಿಯಿಂದಲೇ ಮುಂದಿನ ಹಾಡಿಗೆ ಹೋಗಬಹುದು. ಹೊರಗಿನಿಂದ ನೋಡಿದವರಿಗೆ ಯಾವ ಬದಲಾವಣೆಯೂ ಕಾಣದು. ಆದರೆ ಒಂದು ತಯಾರಕರ ಪೆಟ್ಟಿಗೆ ಇನ್ನೊಬ್ಬರ ರೇಡಿಯೊದೊಂದಿಗೆ ಮಾತಾಡುವುದಿಲ್ಲವಾದ್ದರಿಂದ, ಕಾರಿನ ಹೆಸರನ್ನು ನೋಡಿ ಕೊಂಡರೆ ಸಾಲದು. ರೇಡಿಯೊವನ್ನು ಹೊರಕ್ಕೆಳೆದು ಅದರ ಮೇಲಿನ ಮಾದರಿ ಸಂಖ್ಯೆಯನ್ನು ಓದಿಕೊಳ್ಳಬೇಕು. ಬ್ಯಾಟರಿ ಬಿಚ್ಚುವ ಮುನ್ನ ರೇಡಿಯೊದ ಕಳ್ಳತನ ತಡೆಯುವ ಸಂಕೇತ ಸಂಖ್ಯೆ ಕೈಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಆ ಸಂಖ್ಯೆ ಇಲ್ಲದಿದ್ದರೆ ಮತ್ತೆ ವಿದ್ಯುತ್ ಬಂದಾಗ ರೇಡಿಯೊ ಮೂಕವಾಗಿ ಕೂರುತ್ತದೆ.

2000ದ ದಶಕದ ಕಾರುಗಳಲ್ಲಿ ಕಥೆ ಬೇರೆ. ಪೋರ್ಷ 911ರ 997 ತಲೆಮಾರಿನಂಥ ಕಾರುಗಳಲ್ಲಿ ರೇಡಿಯೊ, ಆಂಪ್ಲಿಫೈಯರ್, ಚೇಂಜರುಗಳು ಮೋಸ್ಟ್ ಎಂಬ ಬೆಳಕಿನ ತಂತುಗಳ ವರ್ತುಲದಲ್ಲಿ ಸೇರಿರುತ್ತವೆ. ವರ್ತುಲದ ಒಂದು ಘಟಕವನ್ನು ಸುಮ್ಮನೆ ಕಿತ್ತರೆ ಇಡೀ ವ್ಯವಸ್ಥೆಯೇ ಸ್ತಬ್ಧವಾಗುತ್ತದೆ. ಇಲ್ಲಿ ತಿಳಿದವರ ಕೈಯೇ ಬೇಕು. ಅದೇ ಕಾಲದ ಹಲವು ಕಾರುಗಳಲ್ಲಿ ಬ್ಲೂಟೂತ್ ಇದ್ದರೂ ಹಾಡು ಬರುವುದಿಲ್ಲವೆಂದು ಮಾಲೀಕರು ಗೊಂದಲಪಡುತ್ತಾರೆ. ಕಾರಣ ಸರಳವಾಗಿದೆ. ಕರೆಗಳ ಮಾತನ್ನು ಸಾಗಿಸುವ ಬ್ಲೂಟೂತ್ ಕ್ರಮವೇ ಬೇರೆ, ಸ್ಟೀರಿಯೊ ಸಂಗೀತವನ್ನು ಸಾಗಿಸುವ ಎ2ಡಿಪಿ ಕ್ರಮವೇ ಬೇರೆ. ಮೊದಲನೆಯದಷ್ಟೇ ಇರುವ ಕಾರಿಗೆ ಫೋನು ಜೋಡಿಯಾದರೂ ಹಾಡು ದಾಟುವುದಿಲ್ಲ. ಕಾರು ಕೆಟ್ಟಿಲ್ಲ, ಫೋನೂ ಕೆಟ್ಟಿಲ್ಲ. ಅಂಥ ಕಾರಿನಲ್ಲಿ ಹೊರಗಿನ ಸಾಧನದ ಹಾಡನ್ನು ತಂತಿಯಲ್ಲಿ ಒಳಗೆ ಕೊಡುವ 3.5 ಮಿ.ಮೀ. ಆಕ್ಸ್ ಸಾಕೆಟ್ ಇದ್ದರೆ ಪುಟ್ಟ ಬ್ಲೂಟೂತ್ ರಿಸೀವರೊಂದನ್ನು ಅಲ್ಲಿಗೆ ಸಿಕ್ಕಿಸಿದರೆ ಸಾಕು. 2016ರ ಐಫೋನ್ 7ರಿಂದ ಆರಂಭಿಸಿ ಬಹಳಷ್ಟು ಫೋನುಗಳಲ್ಲಿ ಆ ಸಾಕೆಟ್ ಇಲ್ಲವಾಗಿರುವುದರಿಂದ, ತಂತಿಯನ್ನೇ ಬಯಸುವವರಿಗೆ ಈಗ ಒಂದು ಪರಿವರ್ತಕವೂ ಬೇಕಾಗುತ್ತದೆ.

ತಂತಿಯಲ್ಲಿ ಜೋಡಿಸಿದವರನ್ನು ಅತಿ ಹೆಚ್ಚು ಕಾಡುವುದು ಎಂಜಿನ್ನಿನ ವೇಗದೊಂದಿಗೆ ಏರಿಳಿಯುವ ಕೀರಲು ದನಿ. ಫೋನು ಕಾರಿನ ಸಾಕೆಟ್ಟಿನಿಂದ ಚಾರ್ಜ್ ಆಗುತ್ತಲೇ ಆಕ್ಸ್ ತಂತಿಯಲ್ಲಿ ಹಾಡುತ್ತಿದ್ದರೆ ಅರ್ಥ್‌ಗೆ ಎರಡು ಹಾದಿಗಳಾಗುತ್ತವೆ. ಆ ಸುತ್ತಿನಲ್ಲಿ, ಎಂಜಿನ್ನಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಗದ್ದಲ ನುಸುಳಿ ಸ್ಪೀಕರಿಗೆ ಬರುತ್ತದೆ. ಚಾರ್ಜರ್ ಕಿತ್ತ ಕೂಡಲೇ ದನಿ ನಿಂತರೆ ಕಾರಣ ಇದೇ ಎಂದು ತಿಳಿಯಬಹುದು. ಇದಕ್ಕಾಗಿ ರೇಡಿಯೊ ಬದಲಿಸುವ ಅಗತ್ಯವಿಲ್ಲ. ಆಕ್ಸ್ ತಂತಿಯ ನಡುವೆ ಸೇರಿಸುವ, ಚಿಕ್ಕ ಟ್ರಾನ್ಸ್‌ಫಾರ್ಮರುಗಳಿರುವ ಐಸೊಲೇಟರ್ ಅಥವಾ ತನ್ನದೇ ಬ್ಯಾಟರಿಯಿಂದ ನಡೆಯುವ ಬ್ಲೂಟೂತ್ ರಿಸೀವರ್ ಆ ಸುತ್ತನ್ನು ಕಡಿಯುತ್ತದೆ. ತೀರ ಅಗ್ಗದ ಐಸೊಲೇಟರುಗಳು ಮಂದ್ರಸ್ವರಗಳನ್ನು ತಿನ್ನುತ್ತವೆ ಎಂಬುದನ್ನೂ ಹೇಳಿಬಿಡಬೇಕು.

ಇನ್ನೂ ಹಳೆಯ ಕಾರುಗಳಲ್ಲಿ ಅಪಾಯವೇ ಇದೆ, ಇದನ್ನು ಯಾವ ವಾಹನ ಪುಟವೂ ಒತ್ತಿ ಹೇಳಿದ್ದನ್ನು ನಾನು ಕಂಡಿಲ್ಲ. ಹಲವು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಿದ್ದರು. ಜಾಗ್ವಾರ್ ಇ-ಟೈಪ್ 1964ರಲ್ಲಿ 4.2 ಲೀಟರ್ ಎಂಜಿನ್ ಬಂದಾಗ, ಎಂಜಿಬಿ 1967ರಲ್ಲಿ, ಋಣ ತುದಿಯನ್ನು ಮೈಗೆ ಜೋಡಿಸುವ ಈಗಿನ ಪದ್ಧತಿಗೆ ಬದಲಾದವು. ಅದಕ್ಕೂ ಹಿಂದಿನ ಕಾರಿನಲ್ಲಿ ಇಂದಿನ ಸ್ಟೀರಿಯೊವನ್ನೋ ಫೋನ್ ಚಾರ್ಜರನ್ನೋ ವಿಚಾರಿಸದೆ ಜೋಡಿಸಿದರೆ ಶಾರ್ಟ್ ಆಗಿ ವೈರಿಂಗ್ ಸುಡಬಹುದು. ಹಿಂದಿನ ಮಾಲೀಕರು ಧ್ರುವ ಬದಲಿಸಿರಬಹುದು, ಬದಲಿಸದೆಯೂ ಇರಬಹುದು. ಪುಸ್ತಕವನ್ನು ನಂಬದೆ ಮೀಟರ್ ಹಿಡಿದು ನೋಡುವುದೇ ಸರಿ. ಪೋರ್ಷ 356ರಂಥ ಕಾರುಗಳು 6 ವೋಲ್ಟ್‌ನವು, ಅವುಗಳಿಗೆ 12 ವೋಲ್ಟ್ ಸಾಧನ ಸಲ್ಲದು. ಇಂಥ ಕಾರುಗಳಲ್ಲಿ ಕಾರಿನ ವಿದ್ಯುತ್ತನ್ನು ಮುಟ್ಟದೆ, ಫೋನಿನೊಂದಿಗೆ ಬ್ಯಾಟರಿ ಚಾಲಿತ ಸ್ಪೀಕರೊಂದನ್ನು ಸೀಟಿನ ಹಿಂದೆ ಭದ್ರವಾಗಿ ಕೂರಿಸುವುದು ನನ್ನ ಮಟ್ಟಿಗೆ ಗೌರವದ ದಾರಿಯೇ.

ಯಾವುದೇ ಪೆಟ್ಟಿಗೆ ಅಳವಡಿಸಿದರೂ ಅದಕ್ಕೆ ವಿದ್ಯುತ್ತನ್ನು ಕೀಲಿ ತಿರುಗಿಸಿದಾಗ ಮಾತ್ರ ಬರುವ ವೈರಿನಿಂದ, ಫ್ಯೂಸ್ ಹಾಕಿ ಕೊಡಬೇಕು. ಈ ಕಾರುಗಳು ವಾರಗಟ್ಟಲೆ ನಿಂತಿರುವುದರಿಂದ, ಸದಾ ಎಚ್ಚರವಾಗಿರುವ ಪುಟ್ಟ ಸಾಧನವೂ ಬ್ಯಾಟರಿಯನ್ನು ಬರಿದು ಮಾಡುತ್ತದೆ. ತಂತಿಯಲ್ಲಿ ಕೇಳುವಾಗ ಫೋನಿನ ದನಿಯನ್ನು ಗರಿಷ್ಠಕ್ಕಿಂತ ತುಸು ಕೆಳಗಿಟ್ಟು ಉಳಿದದ್ದನ್ನು ಕಾರಿನ ಗುಂಡಿಯಲ್ಲಿ ಏರಿಸಬೇಕು. ಫೋನಿನ ದನಿ ತೀರ ತಗ್ಗಿದ್ದರೆ ರೇಡಿಯೊ ಸಂಗೀತದ ಜೊತೆಗೆ ಗೊರಗೊರ ಸದ್ದನ್ನೂ ಹಿಗ್ಗಿಸುತ್ತದೆ. ಹೊರಡುವ ಮುನ್ನವೇ ಹಾಡುಗಳ ಪಟ್ಟಿಯನ್ನು ಆರಿಸಿಟ್ಟು ಫೋನನ್ನು ಕೈಗೆ ಎಟುಕದಂತೆ ಇಡುವುದು ಕ್ಷೇಮ, ಏಕೆಂದರೆ ಒಂದು ಕೈ ಗೇರಿನಲ್ಲೂ ಇನ್ನೊಂದು ಸ್ಟೀರಿಂಗಿನಲ್ಲೂ ಇರುವ ಕಾರಿನಲ್ಲಿ ಮೂರನೆಯ ಕೆಲಸಕ್ಕೆ ಕೈಯಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ದನಿ ಗರಗರ ಎಂದರೆ ಸ್ಪೀಕರಿನ ಅಂಚಿನ ಫೋಮ್ ಪುಡಿಯಾಗಿದೆಯೇ ನೋಡಬೇಕು. ಆ ಅಂಚನ್ನಷ್ಟೇ ಬದಲಿಸಬಹುದು.

ಹೊಸ ಸ್ಟೀರಿಯೊ ಬೇಡವೇ ಬೇಡವೆಂದು ನಾನು ವಾದಿಸುತ್ತಿಲ್ಲ. ಮೂಲ ರೇಡಿಯೊ ಎಂದೋ ಕಳೆದುಹೋಗಿರುವ ಕಾರಿಗೆ ಅದು ಬೇಕಾಗಬಹುದು. ಆಗಲೂ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ, ಡಿನ್ ಎಂಬ ಪ್ರಮಾಣಿತ ಅಳತೆಯ ಕಿಂಡಿಯಲ್ಲೇ ಕೂರುವ, ಮೂಲ ಕನೆಕ್ಟರಿಗೆ ಹೊಂದುವ ಹಾರ್ನೆಸ್ (ವೈರುಗಳ ಕಟ್ಟು) ಬಳಸಿ ಜೋಡಿಸುವ ಸಾಧನವನ್ನು ಆರಿಸಬೇಕು. ಪೋರ್ಷ 2020ರಲ್ಲಿ ತನ್ನ ಹಳೆಯ 911 ಮತ್ತು ಬಾಕ್ಸ್‌ಟರ್ ಕಾರುಗಳಿಗೆ, ಆಯಾ ಕಾಲದ ಡ್ಯಾಶ್‌ಬೋರ್ಡಿಗೆ ಒಪ್ಪುವ ಮುಖವುಳ್ಳ, ಫೋನಿಗೆ ಜೋಡಿಯಾಗುವ ಸಾಧನಗಳನ್ನು ತಾನೇ ಹೊರತಂದದ್ದು ಮೆಚ್ಚತಕ್ಕ ಕೆಲಸ. ಉಳಿದ ತಯಾರಕರು ಅಷ್ಟು ಮಾಡದಿದ್ದರೂ, ಉತ್ಪಾದನೆ ನಿಂತ ಮಾದರಿಗಳ ರೇಡಿಯೊ ಕನೆಕ್ಟರುಗಳ ವೈರಿಂಗ್ ನಕ್ಷೆಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು, ಸಂಕೇತ ಸಂಖ್ಯೆ ಕಳೆದುಕೊಂಡ ಅಸಲಿ ಮಾಲೀಕರಿಗೆ ಅದನ್ನು ತಡಮಾಡದೆ ಒದಗಿಸಬೇಕು. ತಮ್ಮ ವಾಹನ ಪುಟದ ಲೇಖಕರು ಈ ಬೇಡಿಕೆಯನ್ನು ತಯಾರಕರ ಮುಂದಿಡಬೇಕೆಂದೂ, ಹಳೆಯ ಕಾರಿನ ಸ್ಟೀರಿಯೊ ಬಗ್ಗೆ ಮುಂದಿನ ಸಲ ಬರೆಯುವಾಗ ರೇಡಿಯೊದ ಬೆನ್ನಿನಲ್ಲಿರುವ ಚೇಂಜರ್ ಕನೆಕ್ಟರಿನಿಂದಲೇ ಮಾತು ಆರಂಭಿಸಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ