ಎಲ್ಲರ ಉಸಿರೂ 20

ಲೋ ಗುಂಡ,

ವಾಟ್ಸಾಪ್‌ನಲ್ಲಿ ಬರೆದರೆ ನೀಲಿ ಟಿಕ್ ಬಿದ್ದ ಮೇಲೂ ಉತ್ತರ ಕೊಡದವನು ನೀನು, ಅದಕ್ಕೇ ಇಲ್ಲಿ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಹೆದರಬೇಡ, ಹಾಸ್ಟೆಲ್ ಬಕೆಟ್ ವಿಷಯ ಎತ್ತುವುದಿಲ್ಲ.

ನಮ್ಮ ಕ್ಯಾಶುಯಲ್ಟಿಯಲ್ಲಿ ಈಗ ಕೆಮ್ಮಿನ ಸೀಸನ್. ರಾತ್ರಿ ಹತ್ತಾದರೆ ಸಾಕು, "ಸಾರ್, ಒಂದು ಸಿರಪ್ ಬರ್ಕೊಡಿ" ಅಂತ ಬರುತ್ತಾರೆ. ಹೆಚ್ಚಿನವರದು ಮಾಮೂಲಿ ವೈರಲ್, ಸಿರಪ್ಪೂ ಬೇಕಿಲ್ಲ. ಎರಡು ವಾರ ದಾಟಿದ್ದರೆ ಟಿಬಿ ಪರೀಕ್ಷೆಗೆ ಕಫದ ಡಬ್ಬಿ ಕೊಡುತ್ತೇವೆ. ಎದೆ ಸುಂಯ್ ಅಂದರೆ ನೆಬುಲೈಸರ್. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಲು ಶುರು ಮಾಡಿದ್ದರೆ "ಕಡಲೆಬೀಜ ತಿಂದಿತ್ತಾ?" ಅಂತ ಮೊದಲು ಕೇಳುತ್ತೇನೆ, ಶ್ವಾಸನಾಳದಲ್ಲಿ ಸಿಕ್ಕಿಕೊಂಡಿರಬಹುದು. ಇಷ್ಟೆಲ್ಲ ಬರುತ್ತೆ ನನಗೆ. ಆದರೆ ಕೇಸ್ ಶೀಟಿನಲ್ಲಿ ನಿಮಿಷಕ್ಕೆ ಎಷ್ಟು ಉಸಿರು? ಎಣಿಸದೆಯೇ ಎಲ್ಲರಿಗೂ 20. ಇಂಟರ್ನ್ ಆಗಿದ್ದಾಗಿನಿಂದ ಹೀಗೇ, ನಿನಗೆ ಗೊತ್ತಲ್ಲ.

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಒಬ್ಬ ಅಜ್ಜ ಬಂದರು, ಮಫ್ಲರ್ ಸುತ್ತಿಕೊಂಡು, ಮೊಮ್ಮಗನ ಬೈಕಿನಲ್ಲಿ. ನಾಲ್ಕು ದಿನದಿಂದ ಕೆಮ್ಮು, ರಾತ್ರಿ ಜಾಸ್ತಿ. ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 94. ಸ್ಟೆತ್ ಇಟ್ಟೆ, ಶರ್ಟಿನ ಮೇಲೆಯೇ. 20 ಬರೆದೆ. ಸಿರಪ್ ಬರೆದೆ. ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತರು, ಅದನ್ನೂ ನೋಡಿದೆ. ವಯಸ್ಸಾಯ್ತು ಅಂದುಕೊಂಡೆ.

ನಾಲ್ಕೂವರೆಗೆ ವಾಪಸ್. ಮಲಗಲು ಆಗುತ್ತಿಲ್ಲ, ತುಟಿಯಲ್ಲಿ ಗುಲಾಬಿ ನೊರೆ. ಹಾರ್ಟ್ ಫೇಲ್ಯೂರ್, ಶ್ವಾಸಕೋಶದ ತುಂಬ ನೀರು. ಕೂರಿಸಿ ಆಕ್ಸಿಜನ್, ನೀರು ಇಳಿಸುವ ಲ್ಯಾಸಿಕ್ಸ್, ಹೃದಯದ ಹೊರೆ ಇಳಿಸುವ ನೈಟ್ರೋಗ್ಲಿಸರಿನ್, ಆಂಬುಲೆನ್ಸ್. ಉಳಿದರು. ಹಾರ್ಟ್ ಫೇಲ್ಯೂರ್‌ನವರಿಗೆ ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತೆ, ದಿಂಬು ಏರುತ್ತಾ ಹೋಗುತ್ತೆ. ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ ಅಂತ ಮೊಮ್ಮಗನನ್ನು ಆಗ ಕೇಳಿದೆ, ಆಗ! "ಮೂರು ಸಾರ್. ಸೋಮವಾರದಿಂದ ಕುರ್ಚಿಯಲ್ಲೇ" ಅಂದ.

ಅವರನ್ನು ಕಳಿಸಿ ಬಂದು ಹಳೆ ಶೀಟು ತೆಗೆದೆ. "ಅಡ್ಮಿಟ್ ಆಗಲು ಹೇಳಿದೆ, ಒಪ್ಪಲಿಲ್ಲ" ಅಂತ ಒಂದು ಸಾಲು ಸೇರಿಸಿಬಿಡೋಣ ಅಂತ ಪೆನ್ ಕ್ಯಾಪೂ ತೆಗೆದಿದ್ದೆ ಕಣೋ. ಸೇರಿಸಲಿಲ್ಲ. ಸಿಸ್ಟರ್ ಒಳಗೆ ಬಂದರು, ಅದಕ್ಕೆ ಸೇರಿಸಲಿಲ್ಲ. ಇದನ್ನು ಬರೆಯಬೇಕು ಅಂತ ಇರಲಿಲ್ಲ, ಬಿಡು.

ಈಗ ಸಿಕ್ಕಸಿಕ್ಕವರ ಉಸಿರನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ, ಕ್ಯೂನಲ್ಲಿರುವವರು ಬೈಯುತ್ತಾರೆ. ಮೊನ್ನೆ ಬಸ್ಸಿನಲ್ಲಿ ಪಕ್ಕದಲ್ಲಿ ನಿದ್ದೆ ಹೋಗಿದ್ದವನ ಹೊಟ್ಟೆಯನ್ನೇ ನೋಡುತ್ತಾ ಎಣಿಸುತ್ತಿದ್ದೆ. ಎಚ್ಚರವಾದವನೇ ಜೇಬಿನ ಪರ್ಸ್ ಮುಟ್ಟಿ ನೋಡಿಕೊಂಡ. 16 ಇತ್ತು, ಚೆನ್ನಾಗಿದ್ದಾನೆ.

ಫೋನ್ ಮಾಡೋ. ಬಕೆಟ್ಟೂ ವಾಪಸ್ ಕೊಡು.