ಜನವರಿಯ ವೇಳಾಪಟ್ಟಿಯನ್ನು ಬೇಸಿಗೆ ರಜೆಗೆ ಮಾರಿದ ಬಗ್ಗೆ ದೂರು

ಇಂದ,
ಫೀನಿಕ್ಸ್ ಮತ್ತು ಲಾಸ್ ವೇಗಸ್ ಸುತ್ತಮುತ್ತ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳು

ಗೆ,
ವ್ಯವಸ್ಥಾಪಕರು,
ಅಮೆರಿಕ ಸೆಲ್ಫ್ ಡ್ರೈವ್ ವಿಭಾಗ,
ಬೆಂಗಳೂರು

ವಿಷಯ: ಎಂಟು ದಿನಗಳ ಮರುಭೂಮಿ ಪ್ಯಾಕೇಜಿನ ಕನ್ನಡ ಕೈಪಿಡಿಯಲ್ಲಿರುವ ಅಪಾಯಕಾರಿ ತಪ್ಪುಗಳು, ತಿದ್ದುಪಡಿ ಮತ್ತು ಹಣ ವಾಪಸಾತಿ

ಮಾನ್ಯರೇ,

ಊರಿನಿಂದ ಬರುವ ನಮ್ಮ ತಂದೆತಾಯಿ, ಅಣ್ಣ ಅತ್ತಿಗೆಯರು ನಿಮ್ಮಲ್ಲಿ ಕೊಂಡ ಪ್ಯಾಕೇಜಿನ ಕೈಪಿಡಿಯನ್ನು ಸಾಲು ಬಿಡದೆ ಓದಿದ್ದೇವೆ. ಕನ್ನಡದಲ್ಲಿ ಇಷ್ಟು ಅಚ್ಚುಕಟ್ಟಾದ ಪುಸ್ತಿಕೆ ಕೊಟ್ಟಿದ್ದೀರಿ, ಅದಕ್ಕೆ ಕೃತಜ್ಞತೆ ಇದೆ. ಆದರೆ ಅದರಲ್ಲಿ ಬರೆದಂತೆಯೇ ಯಾರಾದರೂ ನಡೆದುಕೊಂಡರೆ ಹಣ ಹೋಗುವುದು ಖಚಿತ, ಜೀವಕ್ಕೂ ಅಪಾಯವಿದೆ. ಒಂದೊಂದಾಗಿ ನೋಡಿದರೆ ತಪ್ಪುಗಳು ಸಣ್ಣವೆನಿಸಬಹುದು. ಜೊತೆಗಿಟ್ಟು ನೋಡಿದಾಗ ಹೆಚ್ಚಿನವಕ್ಕೆ ಕಾರಣ ಒಂದೇ ಎಂದು ಕಾಣುತ್ತದೆ: ಚಳಿಗಾಲದಲ್ಲಿ ಹೋಗಿಬಂದವರು ಬರೆದ ಪಟ್ಟಿಯನ್ನು ತಾರೀಖು ಮಾತ್ರ ಬದಲಿಸಿ ಬೇಸಿಗೆ ರಜೆಗೆ ಮಾರಿದ್ದೀರಿ.

ಇದು ಊಹೆಯಲ್ಲ, ಸಾಕ್ಷಿ ಕೈಪಿಡಿಯಲ್ಲೇ ಇದೆ. ಮೂರನೇ ದಿನ ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನದ ಕಣಿವೆಯ ತುದಿಯವರೆಗೆ ಸ್ವಂತ ಕಾರಿನಲ್ಲಿ ಹೋಗಿ ಎಂದಿದ್ದೀರಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಆ ರಸ್ತೆಯಲ್ಲಿ ಉದ್ಯಾನದ ಶಟಲ್ ಬಸ್ಸಿಗೆ ಮಾತ್ರ ಪ್ರವೇಶ. ಏಳನೇ ದಿನ ಗ್ರ್ಯಾಂಡ್ ಕ್ಯಾನ್ಯನ್ನಿನ ಹರ್ಮಿಟ್ ರಸ್ತೆಯಲ್ಲಿ ಕಾರು ನಿಲ್ಲಿಸಿ ಸೂರ್ಯಾಸ್ತ ನೋಡಿ ಎಂದಿದ್ದೀರಿ. ಆ ಏಳು ಮೈಲಿ ರಸ್ತೆ ಖಾಸಗಿ ಕಾರಿಗೆ ತೆರೆದಿರುವುದು ಡಿಸೆಂಬರ್, ಜನವರಿ, ಫೆಬ್ರವರಿ ಮೂರೇ ತಿಂಗಳು. ಎರಡನೇ ದಿನ ಡೆತ್ ವ್ಯಾಲಿಯ ಬ್ಯಾಡ್‌ವಾಟರ್‌ನಲ್ಲಿ ಮಧ್ಯಾಹ್ನ 12ಕ್ಕೆ ಉಪ್ಪಿನ ಬಯಲಿನ ಮೇಲೆ ಒಂದು ಗಂಟೆ ನಡಿಗೆ ಇದೆ. ಜನವರಿಯಲ್ಲಿ ಅದು ಹಿತವಾದ ನಡಿಗೆ. ಜುಲೈನಲ್ಲಿ ಅಲ್ಲಿನ ಸರಾಸರಿ ಗರಿಷ್ಠ ತಾಪವೇ ಸುಮಾರು 47 ಡಿಗ್ರಿ ಸೆಲ್ಸಿಯಸ್.

ಗಡಿಯಾರದ ವಿಷಯಕ್ಕೆ ಬರೋಣ, ಏಕೆಂದರೆ ಹೆಚ್ಚು ಹಣ ಕಳೆಯುವುದು ಇಲ್ಲೇ. ಅಮೆರಿಕದ ಹೆಚ್ಚಿನ ರಾಜ್ಯಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ, ಅರಿಜೋನ ರಾಜ್ಯ ಮುಂದಿಡುವುದಿಲ್ಲ. ಅದೇ ರಾಜ್ಯದೊಳಗಿನ ನವಾಹೊ ನೇಷನ್ ಎಂಬ ಮೂಲನಿವಾಸಿಗಳ ಸ್ವಾಡಳಿತ ಪ್ರದೇಶ ಮುಂದಿಡುತ್ತದೆ, ಯೂಟಾವೂ ಮುಂದಿಡುತ್ತದೆ. ಮಾನ್ಯುಮೆಂಟ್ ವ್ಯಾಲಿ ಈ ನವಾಹೊ ಪ್ರದೇಶದಲ್ಲಿದೆ, ಪೇಜ್ ಊರು ಅದರ ಸಮಯ ಪಾಲಿಸುವುದಿಲ್ಲ. ಐದನೇ ದಿನ ಮಧ್ಯಾಹ್ನ 1:30ಕ್ಕೆ ಪೇಜ್ ಊರು ಬಿಟ್ಟು, 4ಕ್ಕೆ ಮಾನ್ಯುಮೆಂಟ್ ವ್ಯಾಲಿ ತಲುಪಿ, 4:30ರ ಜೀಪ್ ಸವಾರಿ ಹತ್ತಬೇಕೆಂದು ಬರೆದಿದ್ದೀರಿ. ದೂರ ಸುಮಾರು 125 ಮೈಲಿ, ಎಲ್ಲೂ ನಿಲ್ಲದಿದ್ದರೆ ಎರಡೂಕಾಲು ಗಂಟೆ. ಚಳಿಗಾಲದಲ್ಲಿ ಲೆಕ್ಕ ಸರಿ. ಬೇಸಿಗೆಯಲ್ಲಿ ಪೇಜಿನ 1:30 ಎಂದರೆ ಮಾನ್ಯುಮೆಂಟ್ ವ್ಯಾಲಿಯ 2:30. ಮಕ್ಕಳನ್ನು ಒಮ್ಮೆಯೂ ಇಳಿಸದೆ ಓಡಿಸಿದರೂ ಅಲ್ಲಿನ ಗಡಿಯಾರದಲ್ಲಿ 4:45. ಜೀಪ್ ಹೊರಟಾಗಿರುತ್ತದೆ, ಮುಂಗಡ ಕೊಟ್ಟ ಹಣ ವಾಪಸ್ಸಿಲ್ಲ. ಅಂದರೆ ನಿಮ್ಮ ಪಟ್ಟಿ ಹಿಡಿದು ಬೇಸಿಗೆಯಲ್ಲಿ ಹೋದ ಪ್ರತಿಯೊಂದು ಕುಟುಂಬಕ್ಕೂ ಆ ಸವಾರಿ ತಪ್ಪಲೇಬೇಕು.

ಕೈಪಿಡಿಯಲ್ಲಿ ಈ ಒಂದು ಸಾಲು ದಪ್ಪಕ್ಷರದಲ್ಲಿ ಹಾಕಿ: ಬೇಸಿಗೆಯಲ್ಲಿ ಲಾಸ್ ವೇಗಸ್, ಪೇಜ್, ಗ್ರ್ಯಾಂಡ್ ಕ್ಯಾನ್ಯನ್ ಮೂರಕ್ಕೂ ಒಂದೇ ಗಂಟೆ, ಝಯಾನ್ ಮತ್ತು ಮಾನ್ಯುಮೆಂಟ್ ವ್ಯಾಲಿ ಅದಕ್ಕಿಂತ ಒಂದು ಗಂಟೆ ಮುಂದೆ. ಪೇಜಿನಲ್ಲಿ ಫೋನನ್ನು ನಂಬಬಾರದು. ಅದು ಒಮ್ಮೆ ಯೂಟಾದ ಟವರ್ ಹಿಡಿಯುತ್ತದೆ, ಒಮ್ಮೆ ಅರಿಜೋನದ್ದು. ತಾನಾಗಿ ಬದಲಾಗುವ ಸಮಯವನ್ನು ನಿಲ್ಲಿಸಿ, ಫೀನಿಕ್ಸ್ ಸಮಯಕ್ಕೆ ಕೈಯಾರೆ ಇಟ್ಟುಕೊಳ್ಳಬೇಕು. ಆ ಒಂದು ಗಂಟೆಯ ವ್ಯತ್ಯಾಸದಿಂದಲೇ ಮೂರನೇ ದಿನ ಬೆಳಿಗ್ಗೆ 6ಕ್ಕೆ ಲಾಸ್ ವೇಗಸ್ ಬಿಟ್ಟವರು ಝಯಾನ್ ತಲುಪುವುದು ನೀವು ಬರೆದ 8:45ಕ್ಕಲ್ಲ, 9:45ಕ್ಕೆ. ಅಷ್ಟರಲ್ಲಿ ಉದ್ಯಾನದೊಳಗಿನ ಪಾರ್ಕಿಂಗ್ ಸಾಮಾನ್ಯವಾಗಿ ತುಂಬಿರುತ್ತದೆ. ಸ್ಪ್ರಿಂಗ್‌ಡೇಲ್ ಊರಲ್ಲಿ ಕಾರು ನಿಲ್ಲಿಸಿ, ಊರಿನ ಶಟಲ್ ಹಿಡಿದು ಗೇಟಿಗೆ ಹೋಗುವುದು ಹೇಗೆಂದು ಒಂದು ಮಾತೂ ನಿಮ್ಮಲ್ಲಿ ಇಲ್ಲ.

ಇನ್ನು ಬಿಸಿಲು. "ಕಲಬುರಗಿ, ರಾಯಚೂರಿನ ಬೇಸಿಗೆ ಕಂಡವರಿಗೆ ಇದು ಹೊಸದೇನಲ್ಲ" ಎಂದು 11ನೇ ಪುಟದಲ್ಲಿದೆ. ಈ ವಾಕ್ಯವನ್ನು ದಯವಿಟ್ಟು ಇವತ್ತೇ ತೆಗೆದುಹಾಕಿ. ಅದೇ ಕಲಬುರಗಿಯವರು ಏಪ್ರಿಲ್‌ನ ನಡುಮಧ್ಯಾಹ್ನ ಅಜ್ಜಿಯನ್ನು, ಮೊಮ್ಮಕ್ಕಳನ್ನು ಬಯಲಲ್ಲಿ ಒಂದು ಗಂಟೆ ನಡೆಸುತ್ತಾರೆಯೇ? ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿದೆ. ಅದೇ ಕಣಿವೆಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಮಂಗಳೂರಿನ ಸೆಕೆಯಲ್ಲಿ ಬೆವರು ಹನಿಯುತ್ತದೆ, ಮೈ ತಾನಾಗಿ ನೀರು ಕೇಳುತ್ತದೆ. ಇಲ್ಲಿನ ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿದಾಗಲೇ ಎಷ್ಟು ನೀರು ಹೋಯಿತೆಂದು ತಿಳಿಯುವುದು.

ತಲಾ "ಎರಡು ಬಾಟಲಿ ನೀರು" ಸಾಲದು. ಉದ್ಯಾನದವರು ಹೇಳುವ ಕನಿಷ್ಠ ಲೆಕ್ಕ ದಿನಕ್ಕೆ ಒಬ್ಬರಿಗೆ ಒಂದು ಗ್ಯಾಲನ್, ಹತ್ತಿರ ಹತ್ತಿರ ನಾಲ್ಕು ಲೀಟರ್. ಆರು ಜನರಿಗೆ ಒಂದು ದಿನಕ್ಕೆ 24 ಲೀಟರ್ ಆಯಿತು. ಕಾರು ಕೆಟ್ಟು ನಿಂತರೆ ಎಂದು ಇನ್ನೊಂದು ದಿನದ್ದು ಡಿಕ್ಕಿಯಲ್ಲಿರಬೇಕು. ಬರೀ ನೀರು ಕುಡಿಯುತ್ತಾ ಏನೂ ತಿನ್ನದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಇದಕ್ಕೆ ದುಬಾರಿ ಪಾನೀಯ ಬೇಕಿಲ್ಲ: ಓಆರ್‌ಎಸ್ ಪುಡಿ, ಕೋಡುಬಳೆ, ಹುರಿಗಡಲೆ, ಉಪ್ಪು ಖಾರ ಹಾಕಿದ ಅವಲಕ್ಕಿ ಸಾಕು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಹೊರಡುವ ಮೊದಲು ವೈದ್ಯರನ್ನು ಕೇಳಲಿ ಎಂದೂ ಬರೆಯಿರಿ. ಇನ್ಸುಲಿನ್ ಡಿಕ್ಕಿಯಲ್ಲಿ ಇಡಬಾರದು, ನಿಲ್ಲಿಸಿದ ಕಾರಿನಲ್ಲೂ ಬಿಡಬಾರದು. ಐಸ್ ಪೆಟ್ಟಿಗೆಯಲ್ಲಿ, ಐಸ್‌ಗೆ ನೇರ ತಾಗದಂತೆ ಬಟ್ಟೆ ಸುತ್ತಿ, ಹೋದಲ್ಲೆಲ್ಲ ಜೊತೆಗೊಯ್ಯಬೇಕು.

ನಮ್ಮ ಸಲಹೆ: ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಡೆತ್ ವ್ಯಾಲಿಯನ್ನು ಪ್ಯಾಕೇಜಿನಿಂದಲೇ ತೆಗೆಯಿರಿ. ಇಡಲೇಬೇಕೆಂದರೆ ಹಿಂದಿನ ರಾತ್ರಿ ಫರ್ನೇಸ್ ಕ್ರೀಕ್‌ನಲ್ಲೇ ತಂಗಿಸಿ, ಸೂರ್ಯ ಹುಟ್ಟುವ ಹೊತ್ತಿಗೆ ಬ್ಯಾಡ್‌ವಾಟರ್ ತೋರಿಸಿ, 9ರೊಳಗೆ ಕಣಿವೆ ಬಿಡಿಸಿ. ಹತ್ತರ ನಂತರ ತಗ್ಗು ಪ್ರದೇಶದಲ್ಲಿ ನಡೆಯಬೇಡಿ ಎಂದು ಉದ್ಯಾನವೇ ಎಚ್ಚರಿಸುತ್ತದೆ. ಕಣಿವೆಯಿಂದ ಮೇಲೇರುವಾಗ ಎಂಜಿನ್ ತಾಪದ ಮುಳ್ಳು ಏರಿದರೆ ಎಸಿ ಆರಿಸಬೇಕು. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ಮುಟ್ಟಬಾರದು. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆದುಹೋಗಬಾರದು. ವಿಪರೀತ ಬಿಸಿಯಲ್ಲಿ ಗಾಳಿ ತೆಳುವಾಗುವುದರಿಂದ ಆಂಬುಲೆನ್ಸ್ ಹೆಲಿಕಾಪ್ಟರ್ ಕೂಡ ಹಾರಲಾಗದ ದಿನಗಳಿರುತ್ತವೆ.

ಪೇಜ್ ಬಳಿಯ ಕಿರಿದಾದ ಬಂಡೆಸೀಳು ಆಂಟಿಲೋಪ್ ಕ್ಯಾನ್ಯನ್ ಬಗ್ಗೆ "ಆಕಾಶ ಶುಭ್ರವಾಗಿದ್ದರೆ ಭಯವಿಲ್ಲ" ಎಂದಿದ್ದೀರಿ. ಚಳಿಗಾಲದವರ ಇನ್ನೊಂದು ಮಾತಿದು. ಇಲ್ಲಿ ಮಳೆಗಾಲದ ಅವಧಿ ಜೂನ್ 15ರಿಂದ ಸೆಪ್ಟೆಂಬರ್ 30. 1997ರ ಆಗಸ್ಟ್ 12ರಂದು ಅದರ ಕೆಳಭಾಗವಾದ ಲೋಯರ್ ಆಂಟಿಲೋಪ್‌ನಲ್ಲಿ 11 ಜನ ಕೊಚ್ಚಿಹೋದರು. ಮಳೆ ಸುರಿದದ್ದು ಮೈಲಿಗಳಾಚೆ, ಮೇಲಿನ ಹರಿವಿನಲ್ಲಿ. ಗಟ್ಟಿ ನೆಲ ನೀರು ಹೀರುವುದಿಲ್ಲ, ಎಲ್ಲವೂ ಕೈ ಚಾಚಿದಷ್ಟು ಅಗಲದ ಸೀಳಿಗೆ ನುಗ್ಗುತ್ತದೆ. ಈಗ ನವಾಹೊ ಮಾರ್ಗದರ್ಶಿಗಳ ಜೊತೆಗಲ್ಲದೆ ಅಲ್ಲಿಗೆ ಪ್ರವೇಶವಿಲ್ಲ. ಅವರು ರದ್ದು ಮಾಡಿದ ದಿನ ವಾದಿಸದೆ ಹಿಂದಿರುಗಬೇಕು, ಆ ಹಣ ಗ್ರಾಹಕರಿಗೆ ಮರಳುವಂತೆ ಬುಕಿಂಗ್ ನೀವು ಮಾಡಿಕೊಡಬೇಕು. ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಕಟ್ಟುವುದರಿಂದ ಬೆಳಗಿನ ಸರದಿಯನ್ನೇ ಆರಿಸಿ. ಮಂಡಿನೋವಿನ ಹಿರಿಯರಿಗೂ ಕಡಿದಾದ ಕಬ್ಬಿಣದ ಮೆಟ್ಟಿಲುಗಳಿರುವ ಲೋಯರ್ ಆಂಟಿಲೋಪನ್ನೇ ಕೊಟ್ಟಿದ್ದೀರಿ. ಬುಕಿಂಗ್‌ಗೆ ಮೊದಲು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿದ್ದರೆ ಕಾರು ಇಳಿಸಬಾರದು. ನೀರು ಬಂದ ರಸ್ತೆಗೆ ಇಟ್ಟ ತಡೆಬೇಲಿ ದಾಟಿ ಸಿಕ್ಕಿಕೊಂಡವರಿಂದ ರಕ್ಷಣೆಯ ಖರ್ಚು ವಸೂಲಿ ಮಾಡುವ ಕಾನೂನು ಅರಿಜೋನದಲ್ಲಿದೆ. ಧೂಳಿನ ಗೋಡೆ ಎದುರಾದರೆ ರಸ್ತೆಯಿಂದ ಪೂರ್ತಿ ಆಚೆ ನಿಲ್ಲಿಸಿ, ಎಲ್ಲ ದೀಪ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಬೇಕು. ಊರಿನ ಅಭ್ಯಾಸದಂತೆ ದೀಪ ಮಿನುಗಿಸುತ್ತಾ ನಿಂತರೆ ಹಿಂದಿನ ವಾಹನ ಅದನ್ನೇ ರಸ್ತೆ ಎಂದುಕೊಂಡು ಬಂದು ಗುದ್ದುತ್ತದೆ.

ಕಾರಿನ ವಿಷಯ. ನಾಲ್ವರು ದೊಡ್ಡವರು, ಇಬ್ಬರು ಮಕ್ಕಳಿಗೆ "ಏಳು ಸೀಟಿನ ವಾಹನ" ಕೊಡುತ್ತೀರಿ. ಮೂರನೇ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಉಳಿಯುವುದು ಎರಡು ಮೂರು ಕೈಚೀಲದ ಜಾಗ. ಸೂಟ್‌ಕೇಸ್, ನೀರು ಎಲ್ಲಿಡುವುದು? ಅರಿಜೋನದಲ್ಲಿ 8 ವರ್ಷದೊಳಗಿನ, 4 ಅಡಿ 9 ಅಂಗುಲ ಮೀರದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ, ನಿಮ್ಮ ಬುಕಿಂಗ್‌ನಲ್ಲಿ ಅದಿಲ್ಲ. ಈಗಿನ ಅನೇಕ ಬಾಡಿಗೆ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಅಂಟುದ್ರಾವಣದ ಡಬ್ಬಿ ಮತ್ತು ಸಣ್ಣ ಪಂಪು ಇರುತ್ತದೆ. ಮೊಳೆ ಚುಚ್ಚಿದರೆ ಅದು ಸಾಕು, ಟೈರಿನ ಪಕ್ಕ ಸೀಳಿದರೆ ಪ್ರಯೋಜನವಿಲ್ಲ. ಕೌಂಟರ್ ಬಿಡುವ ಮೊದಲೇ ಡಿಕ್ಕಿಯ ತಳ ಎತ್ತಿ ಸ್ಟೆಪ್ನಿ, ಜಾಕ್, ಸ್ಪ್ಯಾನರ್ ನೋಡಿ, ಇಲ್ಲದಿದ್ದರೆ ಬೇರೆ ವಾಹನ ಕೇಳುವಂತೆ ತಿಳಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ ಕಾರು ಓಡುವ ಮೊದಲು, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಗೆ ಸರಿಯಾಗಿ ನೋಡಬೇಕು. ತಾಪ ಏರಿದಂತೆ ಟೈರಿನ ಒತ್ತಡ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು 1 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಹೆಚ್ಚಾಗಿದೆಯೆಂದು ಗಾಳಿ ಬಿಟ್ಟರೆ ಮರುದಿನ ಕಡಿಮೆ ಗಾಳಿಯಲ್ಲಿ ಓಡಿ ಟೈರು ಇನ್ನಷ್ಟು ಕಾದು ಒಡೆಯುತ್ತದೆ.

ಇದೇ ಕಾರಿನಲ್ಲಿ ಮಾನ್ಯುಮೆಂಟ್ ವ್ಯಾಲಿಯ 17 ಮೈಲಿ ಮಣ್ಣುರಸ್ತೆ ಸುತ್ತಿ, ಕಡಿದಾದ ಮಣ್ಣಿನ ಘಾಟಿ ರಸ್ತೆಯಾದ ಮೋಕಿ ಡಗ್‌ವೇ ಏರಿ ಎಂದಿದ್ದೀರಿ. ಬಹುತೇಕ ಬಾಡಿಗೆ ಕರಾರುಗಳು ಡಾಂಬರಿಲ್ಲದ ರಸ್ತೆಯನ್ನು ನಿಷೇಧಿಸುತ್ತವೆ, ಅಲ್ಲಿ ಹಾನಿಯಾದರೆ ಟೋಯಿಂಗ್ ಸಹಿತ ಎಲ್ಲ ಖರ್ಚೂ ಬಾಡಿಗೆದಾರರ ತಲೆಗೆ. ಪೆಟ್ರೋಲ್ ಬಗ್ಗೆ ಒಂದೇ ಮಾತು: ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಂತೆ ಪೇಜ್, ಕಯೆಂಟಾ, ಟ್ಯೂಬಾ ಸಿಟಿ, ಕ್ಯಾಮರಾನ್‌ಗಳಲ್ಲಿ ತುಂಬಿಸಿಕೊಳ್ಳಲಿ, ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಲಿ.

ಹಣದ ಲೆಕ್ಕದಲ್ಲೂ ತಪ್ಪಿದೆ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ 80 ಡಾಲರ್ ಎಂದಿದ್ದೀರಿ. 2026ರ ಜನವರಿ 1ರಿಂದ ಆ ದರ ಅಮೆರಿಕದ ನಿವಾಸಿಗಳಿಗೆ ಮಾತ್ರ, ಹೊರದೇಶದವರಿಗೆ 250. ಆ ಪಾಸ್ ಇಲ್ಲದ, 16 ವರ್ಷ ತುಂಬಿದ ಹೊರದೇಶದವರು ಗ್ರ್ಯಾಂಡ್ ಕ್ಯಾನ್ಯನ್, ಝಯಾನ್ ಸೇರಿ 11 ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚಿಗೆ ಕೊಡಬೇಕು. ಮಾನ್ಯುಮೆಂಟ್ ವ್ಯಾಲಿ, ಆಂಟಿಲೋಪ್, ಪೇಜ್ ನಗರದವರ ಹಾರ್ಸ್‌ಶೂ ಬೆಂಡ್ ಪಾರ್ಕಿಂಗ್ ಎಲ್ಲೂ ಈ ಪಾಸ್ ನಡೆಯುವುದಿಲ್ಲ. ಮುಖಪುಟದಲ್ಲಿ ಗಾಜಿನ ಸ್ಕೈವಾಕ್ ಚಿತ್ರ ಹಾಕಿದ್ದೀರಿ. ಅದಿರುವುದು ಹುವಾಲಪೈ ಮೂಲನಿವಾಸಿಗಳ ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್‌ನಲ್ಲಿ. ನೀವು ಕರೆದೊಯ್ಯುವ ದಕ್ಷಿಣ ಅಂಚು ಅಂದರೆ ಸೌತ್ ರಿಮ್‌ನಿಂದ ರಸ್ತೆಯಲ್ಲಿ ನಾಲ್ಕು ಗಂಟೆ ಆಚೆ. ಇದು ಮುದ್ರಣದೋಷವಲ್ಲ, ಇಲ್ಲದ್ದನ್ನು ತೋರಿಸಿ ಮಾರಿದಂತೆ.

ಕೊನೆಯದಾಗಿ ಸಹಾಯವಾಣಿ. ಬೆಂಗಳೂರಿನ ಬೆಳಿಗ್ಗೆ 10ರಿಂದ ಸಂಜೆ 6 ಎಂದರೆ ಅರಿಜೋನದ ರಾತ್ರಿ 9:30ರಿಂದ ಬೆಳಗಿನ ಜಾವ 5:30. ಕುಟುಂಬ ರಸ್ತೆಯ ಮೇಲಿರುವ ಇಡೀ ಹಗಲು ನಿಮ್ಮ ಫೋನ್ ಎತ್ತುವವರಿಲ್ಲ.

ಆದ್ದರಿಂದ ಬೇಸಿಗೆಗೆ ಪ್ರತ್ಯೇಕ ವೇಳಾಪಟ್ಟಿ ಮಾಡಿ. ಸ್ಥಳೀಯ ಹಗಲಿನಲ್ಲಿ ಸಿಗುವ ಒಬ್ಬರ ನಂಬರ್ ಕೊಡಿ. ಮಕ್ಕಳ ಸೀಟು ಸಹಿತ, ಸಾಮಾನು ಹಿಡಿಸುವ ವಾಹನ ಬುಕ್ ಮಾಡಿ. ತಪ್ಪಿದ ಜೀಪ್ ಸವಾರಿಯ ಪೂರ್ತಿ ಹಣವನ್ನು ಮರಳಿಸಿ. ಪಾಸ್ ದರದ ವ್ಯತ್ಯಾಸವನ್ನೂ ನೀವೇ ಭರಿಸಬೇಕು, ಏಕೆಂದರೆ ಗ್ರಾಹಕರು ನಿಮ್ಮ ಅಂಕಿಯನ್ನು ನಂಬಿಯೇ ಬಜೆಟ್ ಮಾಡಿದ್ದಾರೆ. 15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುವಂತೆ ಊರಿನವರಿಗೆ ಹೇಳುತ್ತೇವೆ, ಬೇಕಾದ ದಾಖಲೆಗಳನ್ನೂ ಒದಗಿಸುತ್ತೇವೆ.

ಹಳೆಯ ಕೈಪಿಡಿ ಈಗಾಗಲೇ ಕೈಸೇರಿರುವ ಕುಟುಂಬಗಳಿಗೆ ಉತ್ತರಕ್ಕೂ ಮೊದಲು, ಈ ವಾರವೇ ಫೋನ್ ಮಾಡಿ ಬ್ಯಾಡ್‌ವಾಟರ್‌ನ ಮಧ್ಯಾಹ್ನದ ನಡಿಗೆ ರದ್ದಾಗಿದೆ ಎಂದು ತಿಳಿಸಿ.

ಇಂತಿ,
ಕೈಪಿಡಿಯ ತಪ್ಪಿರುವ ಪುಟಗಳ ಪ್ರತಿ ಲಗತ್ತಿಸಿರುವ ಕುಟುಂಬಗಳು