16 ಜನರ ಪ್ರವಾಸವೆಂದು ಹಣ ಪಡೆದು 31 ಜನರ ಬಸ್ಸಿಗೆ ಹತ್ತಿಸಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ವಿದೇಶ ಪ್ರವಾಸ ವಿಭಾಗ, ಬೆಂಗಳೂರು

ಮಾನ್ಯರೇ,

ಸೆಪ್ಟೆಂಬರ್ 12ರಿಂದ 14ರವರೆಗೆ ಎಡಿನ್‌ಬರೋದಿಂದ ಹೊರಟ ನಿಮ್ಮ ಸ್ಕಾಟ್ಲೆಂಡ್ ಹೈಲ್ಯಾಂಡ್ಸ್ ಪ್ರವಾಸಕ್ಕೆ ನಾನೂ ನಮ್ಮ ಯಜಮಾನರೂ ತಲಾ 58,000 ರೂಪಾಯಿ ಕಟ್ಟಿದ್ದೆವು. ಇದೇ ಜಾಗಗಳ ದೊಡ್ಡ ಬಸ್ಸಿನ ಪ್ರವಾಸ ನಿಮ್ಮಲ್ಲೇ 36,000ಕ್ಕೆ ಇತ್ತು. ಅದನ್ನು ಬಿಟ್ಟು ಹೆಚ್ಚು ಕೊಟ್ಟದ್ದು ಒಂದೇ ಕಾರಣಕ್ಕೆ: ‘ಗುಂಪಿನಲ್ಲಿ 16ಕ್ಕಿಂತ ಹೆಚ್ಚು ಜನ ಇರುವುದಿಲ್ಲ’ ಎಂದು ರಸೀದಿಯಲ್ಲೇ ಬರೆದುಕೊಟ್ಟಿದ್ದಿರಿ. ಯಜಮಾನರಿಗೆ ಎರಡೂ ಮಂಡಿ ಆಪರೇಷನ್ ಆಗಿದೆ, ಹತ್ತಿ ಇಳಿಯಲು ಹೊತ್ತು ಬೇಕು ಎಂದು ಬುಕಿಂಗ್ ಮಾಡುವಾಗಲೇ ಹೇಳಿದ್ದೆ. ‘ಅದಕ್ಕೇ ಮೇಡಂ, ಚಿಕ್ಕ ಗುಂಪು ತಗೊಳ್ಳಿ’ ಎಂದವರು ನಿಮ್ಮ ಸಿಬ್ಬಂದಿಯೇ.

ಬಂದದ್ದು 33 ಸೀಟಿನ ಬಸ್ಸು. ಎಣಿಸಿದೆ, 31 ಮಂದಿ ಇದ್ದೆವು. ಕೇಳಿದರೆ ಎರಡು ತಂಡ ಸೇರಿಸಿದ್ದೇವೆ ಎಂದರು. ಅಷ್ಟೂ ಜನ ಇಳಿಯಲು ಹತ್ತು ನಿಮಿಷ, ಹತ್ತಲು ಹತ್ತು ನಿಮಿಷ. ಸಾಲದ್ದಕ್ಕೆ ಮೊದಲ ದಿನವೇ ಪಟ್ಟಿಯಲ್ಲಿಲ್ಲದ ಉಣ್ಣೆ ಬಟ್ಟೆಯ ಅಂಗಡಿಯೊಂದರಲ್ಲಿ ಒಂದು ಗಂಟೆ ಹತ್ತು ನಿಮಿಷ ನಿಲ್ಲಿಸಿದರು. ಆ ಹೊತ್ತನ್ನು ಕಿತ್ತುಕೊಂಡದ್ದು ಕಲ್ಲೋಡೆನ್ ಎಂಬ ಹಳೆಯ ಯುದ್ಧಭೂಮಿಯಿಂದ.

ನಾವು ಸ್ಕಾಟ್ಲೆಂಡಿಗೆ ಹೋದದ್ದೇ ಕಲ್ಲೋಡೆನ್ ಬಯಲಿಗಾಗಿ. ಯಜಮಾನರು ಶ್ರೀರಂಗಪಟ್ಟಣದಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು. ಪ್ರತಿ ವರ್ಷ ಮಕ್ಕಳನ್ನು ಕೋಟೆಯ ಹಳೆಯ ಸೆರೆಮನೆಯಾದ ಕರ್ನಲ್ ಬೇಲಿ ಡಂಜನ್‌ಗೆ ಕರೆದೊಯ್ಯುತ್ತಿದ್ದರು. ನಮ್ಮೂರಿನ ಸೆರೆಯಲ್ಲಿ 1782ರಲ್ಲಿ ತೀರಿಕೊಂಡ ಆ ಬ್ರಿಟಿಷ್ ಸೇನಾಧಿಕಾರಿ ಬೇಲಿಯೂ ಸ್ಕಾಟ್ಲೆಂಡಿನವನು, ಮೊದಲು ಇಲ್ಲೇ ಸೆರೆಯಲ್ಲಿದ್ದು, ಬಿಡುಗಡೆಯಾದ ಮೇಲೆ 1799ರ ಮೇ 4ರಂದು ಟಿಪ್ಪುವಿನ ಕೋಟೆಗೆ ನುಗ್ಗಿದ ಬ್ರಿಟಿಷ್ ಪಡೆಯನ್ನು ನಡೆಸಿದ ಡೇವಿಡ್ ಬೇರ್ಡ್‌ನೂ ಸ್ಕಾಟ್ಲೆಂಡಿನವನು. 1746ರ ಏಪ್ರಿಲ್ 16ರಂದು ಕಲ್ಲೋಡೆನ್‌ನಲ್ಲಿ ಒಂದು ಗಂಟೆಯೂ ನಡೆಯದ ಯುದ್ಧದಲ್ಲಿ ಹೈಲ್ಯಾಂಡ್ ಗುಡ್ಡಗಾಡಿನ ಕುಲಗಳು ಬ್ರಿಟಿಷ್ ಸರ್ಕಾರದ ಸೇನೆಗೆ ಸೋತವು. ಆಮೇಲೆ ಅದೇ ಸೀಮೆಯ ಹುಡುಗರು ಬ್ರಿಟಿಷ್ ಪಲ್ಟನ್‌ಗಳಿಗೆ ಸೇರಿ ನಮ್ಮ ಕಡೆಗೂ ಬಂದರು. ‘ನಮ್ಮ ಕೋಟೆ ಹತ್ತಿದವರ ಕೋಟೆ ಮುರಿದ ಜಾಗ ನೋಡಬೇಕು’ ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದರೋ.

ಅಲ್ಲಿ ಕೊಟ್ಟದ್ದು 25 ನಿಮಿಷ, ಅದರಲ್ಲೇ ಇಳಿಯುವುದು ಹತ್ತುವುದು. ಮ್ಯೂಸಿಯಂ ಬಿಟ್ಟು ನೇರ ಬಯಲಿಗೆ ನಡೆದೆವು. ಎರಡು ಸೇನೆ ನಿಂತ ಸಾಲುಗಳಿಗೆ ಬಾವುಟ ನೆಟ್ಟಿದ್ದಾರೆ, ಸರ್ಕಾರದ ಸೇನೆಗೆ ಕೆಂಪು, ಹೈಲ್ಯಾಂಡಿನವರ ಕಡೆಗೆ ನೀಲಿ. ಯಜಮಾನರು ನೀಲಿ ಬಾವುಟದ ಹತ್ತಿರ ಕೋಲೂರಿ ನಿಂತು ಕೆಂಪು ಬಾವುಟ ಎಷ್ಟು ದೂರ ಎಂದು ಕಣ್ಣಲ್ಲೇ ಅಳೆದರು. ಸತ್ತವರನ್ನು ಕುಲವಾರು ಹೂತು ಮೇಲೆ ಹೆಸರು ಕೆತ್ತಿದ ಕಲ್ಲುಗಳು ಇನ್ನೂ ಮುಂದಿದ್ದವು. ಐವತ್ತು ಹೆಜ್ಜೆ ಇರಬಹುದು, ನಿಮ್ಮ ಟೂರ್ ಮ್ಯಾನೇಜರ್ ಫೋನ್ ಬಂತು: ಎಲ್ಲರೂ ಹತ್ತಿದ್ದಾರೆ, ನೀವಿಬ್ಬರೇ ಬಾಕಿ. ಯಜಮಾನರು ಒಂದು ಮಾತೂ ಆಡದೆ ತಿರುಗಿದರು. ಆ ಮುಖ ನನಗೆ ಇವತ್ತೂ ಕಣ್ಣಿಗೆ ಕಟ್ಟಿದಂತಿದೆ.

ಸ್ಕೈ ದ್ವೀಪದಲ್ಲಿ ಪಟ್ಟಿಯಲ್ಲಿದ್ದ ಕ್ವಿರಾಂಗ್ ಬೆಟ್ಟಕ್ಕೆ ಹೋಗಲೇ ಇಲ್ಲ. ಒಂದೇ ಗಾಡಿ ಹಿಡಿಯುವ ರಸ್ತೆ, ಈ ಬಸ್ಸು ಹೋಗದು ಎಂದರು. ಗ್ಲೆನ್ಕೋ ಕಣಿವೆಯಲ್ಲಿ ಮೂರು ಅಕ್ಕತಂಗಿ ಬೆಟ್ಟಗಳ ಎದುರು ಪುಟ್ಟ ವ್ಯಾನುಗಳು ನಿಂತು ಜನ ಇಳಿಯುತ್ತಿದ್ದರು. ನಮ್ಮ ಬಸ್ಸಿಗೆ ಜಾಗವಿರಲಿಲ್ಲ, ಕಿಟಕಿಯಲ್ಲಿ ನೋಡಿಕೊಂಡೇ ಮುಂದೆ ಹೋದೆವು. ಡ್ರೈವರ್ ಮೇಲೆ ನನ್ನ ದೂರಿಲ್ಲ. ಪ್ರತಿ ಸಲವೂ ಕೈಹಿಡಿದು ಇಳಿಸಿದ ಪುಣ್ಯಾತ್ಮ ಅವರು.

ಎರಡು ಪ್ರವಾಸಗಳ ದರದ ವ್ಯತ್ಯಾಸ ತಲಾ 22,000ದಂತೆ ಒಟ್ಟು 44,000 ರೂಪಾಯಿಯನ್ನು 30 ದಿನದೊಳಗೆ ಹಿಂದಿರುಗಿಸಿ. ತಂಡಗಳನ್ನು ಸೇರಿಸುವ ವಿಷಯ ನಿಮಗೆ ಯಾವತ್ತು ತಿಳಿಯಿತು, ನಮಗೇಕೆ ತಿಳಿಸಲಿಲ್ಲ ಎಂಬುದನ್ನು ಲಿಖಿತವಾಗಿ ಹೇಳಿ. ಮೊದಲೇ ಗೊತ್ತಾಗಿದ್ದರೆ ಖಂಡಿತ ರದ್ದು ಮಾಡುತ್ತಿದ್ದೆವು. ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಮಂಡ್ಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ.

ರಸೀದಿ, ನೀವು ಕೊಟ್ಟ ಪ್ರವಾಸ ಪಟ್ಟಿ, ಬಸ್ಸಿನ ಎರಡು ಫೋಟೊ ಲಗತ್ತಿಸಿದ್ದೇನೆ. ಕ್ಷಮೆ ಕೇಳುವುದಿದ್ದರೆ ಪತ್ರ ಯಜಮಾನರ ಹೆಸರಿಗೆ ಬರಲಿ.

ಇಂತಿ,
ನಿಮ್ಮ ಗ್ರಾಹಕಿ
ಶ್ರೀರಂಗಪಟ್ಟಣ